ಎರಡು ಚಿಲಕ

ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ ಸದ್ದು. ಮೆಲ್ಲಗೆ, ಒಳಗೆ ಮಲಗಿದವರು ಬೆಚ್ಚಿ ಬೀಳದಿರಲಿ ಎಂಬಂತೆ.

ತುಮಕೂರಿನ ಆ ಮನೆಯಲ್ಲಿ ಮಲಗಿದ್ದವಳು ಕೋಮಲಾಳ ಪುಟ್ಟ ಮಗಳು ಕಾವ್ಯ ಒಬ್ಬಳೇ. ದೊಡ್ಡಪ್ಪ ದಯಾನಂದನ ತೊಡೆಯ ಮೇಲೆ. ಮಳೆಗೆ ಕರೆಂಟು ಹೋಗಿತ್ತು. ‘ಯಾರದು?’ ಎನ್ನಲು ಕೋಮಲಾ ಬಾಯಿ ತೆರೆಯುವಷ್ಟರಲ್ಲಿ ಭಾವ ಮಗುವನ್ನು ದಿಂಬಿಗೆ ಸರಿಸಿ ಎದ್ದ. ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಜಡಿದು ಬಂದು ಮಗುವನ್ನು ಮತ್ತೆ ತೊಡೆಗೆಳೆದುಕೊಂಡ.

“ಯಾರೋ ಕುಡುಕ ಇರ್ಬೇಕು, ಬುಡಮ್ಮ. ರೂಮಿನ ವಿಷ್ಯ ಮುಗ್ಸು. ಪೇಟೆ ಲಾಡ್ಜೇ ವಾಸಿ.”

ಬೆಳಗಾದರೆ ಸಫಾರಿಗೆ ಹೊರಡಬೇಕು, ಉಳಿಯುವ ಜಾಗ ಇನ್ನೂ ತೀರ್ಮಾನವಾಗಿರಲಿಲ್ಲ. ಕೋಮಲಾಳ ಫೋನಿನಲ್ಲಿ ಕಾಡಿನಂಚಿನ ಹೋಮ್‌ಸ್ಟೇ ಒಂದರ ಹಂಚಿನ ಜಗುಲಿ ಬೆಳಗುತ್ತಿತ್ತು.

“ಹುಲಿ ನೋಡೋಕೆ ಹೋಗಿ ಬಸ್‌ಸ್ಟ್ಯಾಂಡ್ ಎದುರು ಮಲ್ಗೋದಾ ಭಾವ? ಅಷ್ಟಕ್ಕೆ ನಮ್ಮೂರು ಗುಬ್ಬಿ ಬಸ್‌ಸ್ಟ್ಯಾಂಡೇ ಸಾಕಿತ್ತಲ್ಲ,” ಎಂದಳು. ಅವಳ ಗಂಡ ಅಂಜನ್‌ಕುಮಾರ್ ಅಣ್ಣನ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ಸಮನೆ ತಲೆಯಾಡಿಸುತ್ತಿದ್ದ. ನಿದ್ದೆಹೋಗುವ ಮುನ್ನ ಮಗಳು ಹಿಡಿದದ್ದು ಬೇರೆಯೇ ಹಟ: ಎಲ್ಲಿ ಹೋದರೂ ತಾನು ದೊಡ್ಡಪ್ಪನ ರೂಮಿನಲ್ಲೇ ಮಲಗುವುದು.

ಮೂಲೆಯಲ್ಲಿ ಕೋಮಲಾಳ ಸೋದರಮಾವ ದ್ಯಾವಪ್ಪ ಕೂತಿದ್ದ. ಗುಬ್ಬಿಯವನು, ಟೂರಿಸ್ಟ್ ವ್ಯಾನ್ ಓಡಿಸಿಯೇ ತಲೆ ನರೆದವನು. ಆತ ಬಾಗಿಲಿನ ಎರಡು ಚಿಲಕಗಳನ್ನೇ ನೋಡುತ್ತಿದ್ದ.

“ಹತ್ರ ಬನ್ನಿ,” ಎಂದ. “ಆ ಜಗುಲಿ ನಾನು ನೋಡಿರೋದೇ ಕಣವ್ವಾ… ಹಿಂದೆ ಒಂದ್ಸಲ ಹಿರೇಹಳ್ಳಿ ಫ್ಯಾಕ್ಟರಿಯೋರ್ನ ಅಲ್ಲಿಗೆ ಕರ್ಕೊಂಡ್ ಹೋಗಿದ್ದೆ. ನೀವೂ ಇದ್ರಲ್ಲ ದಯಾನಂದಪ್ಪ?”

“ಇದ್ದೆ. ಊಟ ಮಾಡಿ ಮಲಗ್ಬಿಟ್ಟಿದ್ದೆ.”

“ಹೂಂ… ಅಲ್ಲಿ ಗಂಗಹನುಮಯ್ಯ ಅಂತ ವಾಚ್‌ಮನ್ನು, ಕುಣಿಗಲ್ ಕಡೆಯೋನು, ನಮ್ಮ ಸೀಮೆಯೋರು ಸಿಕ್ಕಿದ್ರಲ್ಲ ಅಂತ ತನ್ನ ತಟ್ಟೆ ಮುದ್ದೇನೇ ಮುರಿದು ನನಗೆ ಹಾಕ್ದ. ಅವನ ಕೆಲ್ಸ ಏನು ಗೊತ್ತಾ? ರೂಮುಗಳ ಹಿಂದೆ ಗುಂಡಿ ತೋಡಿ ಉಪ್ಪು ಸುರಿಯೋರು, ಉಪ್ಪಿನಾಸೆಗೆ ಪ್ರಾಣಿಗಳು ಬರೋವು, ಬಂದಾಗ ಇವನು ಮಾತಾಡಂಗಿಲ್ಲ, ಲೈಟ್ ಹಾಕಂಗಿಲ್ಲ, ಬರಿಗಾಲಲ್ಲಿ ಬಂದು ಒಂದೊಂದು ಬಾಗ್ಲಿಗೂ ಬೆರಳ ಗೆಣ್ಣಲ್ಲಿ ಮೂರು ಸಲ ತಟ್ಟಬೇಕು… ಮೆಲ್ಲಗೆ… ಆಗ ಗಿರಾಕಿಗಳು ಎದ್ದು ಬಂದು ಜಗುಲಿ ಮೇಲೆ ಉಸಿರು ಬಿಗಿಹಿಡ್ಕೊಂಡು ನೋಡೋರು.”

ಕೋಮಲಾ ಬಾಗಿಲ ಕಡೆ ತಿರುಗಿ ನೋಡಿದಳು.

“ಅವತ್ತು ಬಂದಿದ್ದು ಮರಿ ಜೊತೆಗಿದ್ದ ಹೆಣ್ಣಾನೆ. ತಟ್ಟಿದ, ಎಲ್ಲ ಎದ್ದು ಬಂದ್ರು. ಕೊನೇ ರೂಮಿನೋನು ಒಬ್ಬ, ಬೇಡ ಬೇಡ ಅಂದಿದ್ರೂ ಫೋಟೋ ಚೆನ್ನಾಗಿ ಬರ್ಲಿ ಅಂತ ಅದರ ಮುಖಕ್ಕೇ ಟಾರ್ಚ್ ಬಿಟ್ಟ… ತಾಯಿ ಸುಮ್ನಿರುತ್ತಾ? ನುಗ್ತು. ಎಲ್ರೂ ಒಳಗೆ ಸೇರ್ಕೊಳ್ಳೋ ತನಕ ಗಂಗಹನುಮಯ್ಯ ಅಡ್ಡ ನಿಂತಿದ್ದ. ಆಮೇಲೆ ಓಡಿದ್ದು ಹತ್ತಿರವಾಗಿದ್ದ ಆ ಕೊನೇ ಬಾಗ್ಲಿಗೆ. ಆಗ ಬೆರಳಲ್ಲಲ್ಲ, ಎರಡೂ ಕೈಯಲ್ಲಿ ಬಡಿದ. ‘ಸಾರ್, ನಾನು ಸಾರ್, ತೆಗೀರಿ’ ಅಂತ… ನಾನು ವ್ಯಾನೊಳಗಿಂದ ಹಾರನ್ ಒತ್ತೇ ಒತ್ತಿದೆ, ಅದು ತಿರುಗ್ಲಿಲ್ಲ. ಕೈ ಸೋತು ಹಾರನ್ ಬಿಟ್ಟ ಆ ಒಂದು ಚಣದಲ್ಲಿ ನನಗೆ ಕೇಳಿಸಿದ್ದು ಏನು ಗೊತ್ತಾ? ಮೇಲಿನ ಚಿಲಕ… ಆಮೇಲೆ ಕೆಳಗಿನ ಚಿಲಕ.”

“ಯಾರು ಮಾವ ಅದು?” ಅಂಜನ್‌ಕುಮಾರ್ ಕೇಳಿದ.

“ಕತ್ತಲೆ ಕಣಪ್ಪ. ಅವರು ರೂಮು ರೂಮು ಬದಲಾಯಿಸ್ಕೊಂಡಿದ್ರು. ಬೆಳಿಗ್ಗೆ ಎಲ್ಲರೂ ನಾನಲ್ಲ, ನಾನಲ್ಲ ಅಂದ್ರು. ಹೆಣ ಕುಣಿಗಲ್ ಕಡೆ ಹೋಯ್ತು, ನಾವು ಇತ್ಲಾಗೆ ಬಂದ್ವಿ.”

“ಆನೆ ತುಳಿದ್ರೆ ಯಾರೇನ್ ಮಾಡೋಕಾಗುತ್ತೆ?” ದಯಾನಂದ ಕೇಳಿದ. “ಅದಕ್ಕೇ ಹೇಳಿದ್ದು, ಕಾಡಿನಂಚು ಬ್ಯಾಡ ಅಂತ.”

“ಅಲ್ಲಿ ಈಗ ಏನೂ ಇಲ್ಲಪ್ಪ. ಆಮೇಲೂ ಎಷ್ಟೋ ಸಲ ಅಲ್ಲೇ ಮಲಗಿ ಬಂದಿದೀನಿ, ಯಾವ ಬಾಗ್ಲೂ ಸದ್ದು ಮಾಡ್ಲಿಲ್ಲ. ಅಲ್ಲಿ ಯಾಕಿರ್ತಾನೆ ಅವನು? ಅವನಿಗೆ ಬೇಕಾಗಿರೋದು ಆ ಜಾಗ ಅಲ್ಲ… ಆ ಚಿಲಕ ಹಾಕಿದ ಕೈ. ಅದು ಲಾಡ್ಜಲ್ಲಿ ಮಲಗಿದ್ರೆ ಲಾಡ್ಜಿಗೆ ಬರ್ತಾನೆ, ಮನೇಲಿದ್ರೆ ಮನೆಗೆ… ಬಾಗ್ಲು ತಟ್ಟಿದ್ರೆ ಯಾರು ಅಂತ ಕೇಳ್ದೆ ಇರೋರು ಯಾರವ್ವಾ? ಬಂದಿರೋನು ಯಾರು ಅಂತ ಮೊದಲೇ ಗೊತ್ತಿರೋರು. ಎಲ್ಲಿ ಉಳ್ಕೋಬೇಕು ಅಂತ ತಲೆ ಕೆಡಿಸ್ಕೋಬೇಡ ಕೋಮ್ಲಾ… ಮಗೂನ ಯಾರ ಪಕ್ಕ ಮಲಗಿಸ್ತೀಯಾ, ಅದು ನೋಡ್ಕೊ.”

ಕೋಮಲಾ ಎದ್ದು ಮಗಳನ್ನು ಎತ್ತಿಕೊಳ್ಳಲು ಬಾಗಿದಳು. ಮಗುವಿನ ಲಂಗದ ಅಂಚನ್ನು ದಯಾನಂದನ ಕೈ ಹಿಡಿದಿತ್ತು. ಬಿಡಲಿಲ್ಲ.

ಬಾಗಿಲ ಮೇಲೆ ಮತ್ತೆ ಮೂರು ಸಲ ತಟ್ಟಿದ ಸದ್ದು. ಮೆಲ್ಲಗೆ.

ಈ ಸಲ ಕೋಮಲಾ ಕೇಳಿಯೇಬಿಟ್ಟಳು: “ಯಾರದು?”

ಹೊರಗಿನ ದನಿ ತನ್ನ ಹೆಸರು ಹೇಳಲಿಲ್ಲ.

“ದಯಾನಂದ್ ಸಾರ್… ಹಾಕಿದ್ದು ನೀವೇ, ನೀವೇ ತೆಗೀರಿ.”