ಕೂತ್ಕೊಳ್ಳಿ ಅಂದರೆ

ಡಾಕ್ಟರ ಬಾಗಿಲ ಮುಂದೆ ಇವತ್ತು ನನ್ನ ಕುರ್ಚಿಗೆ ಒತ್ತಿಕೊಂಡೇ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿಗೆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸ. ಕಣಕಾಲು ಬಾತಿತ್ತು.

“ಮಾಲೀಕರು ಕುರ್ಚಿ ಎಳೆದು ಕೂತ್ಕೊಳ್ಳಿ ಅಂದ್ರು, ಅಕ್ಕ.”

“ಆ ಮನುಷ್ಯನಾ? ಹೆಸರು ಹಿಡಿದು ಕರೆಯೋಕೂ ಬರದೆ ಚಿಟಿಕೆ ಹೊಡೆಯೋನು?”

“ಕಾಲು ಹೇಗಿದೆ ಅಂತಾನೂ ಕೇಳಿದ್ರು.”

“ಹಾಗಾದ್ರೆ ನಿನ್ನ ಕೆಲಸಕ್ಕೆ ಕುತ್ತು ಬಂತು ಅಂತಲೇ ತಿಳ್ಕೋ. ನೋವು ಅಂದ್ಯಾ?”

“ಇಲ್ಲ, ಆರಾಮ ಅಂದೆ. ಕೂರಲೂ ಇಲ್ಲ.”

“ಜಾಣೆ.”

“ಆದ್ರೂ ನಿಜವಾಗ್ಲೂ ಕನಿಕರದಿಂದ ಕೇಳಿದ್ರೇನೋ ಅನ್ಸುತ್ತೆ.”

“ಚಿಟಿಕೆ ಹೊಡೆದ್ರೆ ಓಡಿ ಹೋಗ್ತೀಯ, ಮರ್ಯಾದೆ ಕೊಟ್ರೆ ನಡುಗ್ತೀಯ. ನಾನೂ ಅಷ್ಟೇ ಬಿಡು. ಈಗ ಸುಮ್ಮಸುಮ್ಮನೆ ಮರ್ಯಾದೆ ಕೊಡೋರು ಯಾರಿದ್ದಾರೆ?”

ನಾನು ಎದ್ದು, “ಇಲ್ಲಿ ಕೂತ್ಕೊಳ್ಳಿ” ಎಂದೆ.

ಅಕ್ಕ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

“ಯಾಕಮ್ಮ, ನಿಂಗೇನಾಗ್ಬೇಕಿತ್ತು?”

“ಏನಿಲ್ಲ.”

“ಬೇಡ. ಅವಳಿಗೆ ನಿಂತೇ ಅಭ್ಯಾಸ.”

ತಂಗಿಯ ತೋಳು ಹಿಡಿದು ಆಚೆ ಕಿಟಕಿಯತ್ತ ಕರೆದೊಯ್ದಳು. ತಂಗಿ ಕುಂಟುತ್ತಲೇ ಒಮ್ಮೆ ತಿರುಗಿ ಕುರ್ಚಿಯನ್ನು ನೋಡಿದಳು. ನಾನೂ ಮತ್ತೆ ಕೂರಲಿಲ್ಲ.