ಆರೋಗ್ಯವಂತ ಹಿರಿಯರ ಫೋಟೋ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹೊರಗಿನ ಬಿಸಿ ಕಾಫಿಯನ್ನೂ ಬಿಟ್ಟು ನನ್ನ ಮಾತು ಕೇಳಲು ಕುಳಿತಿರುವ ಸಭಿಕರೇ,

ನಮ್ಮ ಬಡಾವಣೆಯ ‘ಅತ್ಯಂತ ಆರೋಗ್ಯವಂತ ಹಿರಿಯ’ ಎಂದು ನನ್ನನ್ನು ಆರಿಸಿದ್ದೀರಿ. ನಮ್ಮ ವಯಸ್ಸಿನವರಿಗೆ ಹೂವು ತಂದಾಗ ಕಣ್ಣು ಬಿಟ್ಟುಕೊಂಡಿರುವುದೇ ಒಂದು ಸಾಧನೆ!

ಅಧ್ಯಕ್ಷರು ಈಗಷ್ಟೇ ಹೇಳಿದರು: "ಇದು ಹಳೇ ಬ್ಯಾಟರಿ ಕಾರ್ಖಾನೆ ಜಾಗ, ಮಣ್ಣಲ್ಲಿರೋ ಸೀಸ ಮೈಗೆ ಸೇರುತ್ತೆ ಅಂತ ಕೆಲವರು ಹೆದರಿಸ್ತಾರೆ. ಅವರಿಗೆ ನಮ್ಮ ಡ್ರೈವರಣ್ಣನ್ನ ತೋರಿಸಿ! ಮೊದಲಿಂದ ಇಲ್ಲೇ ಇದ್ದಾರೆ, ಗುಂಡುಕಲ್ಲಿನ ಹಾಗಿದ್ದಾರೆ." ಈ ಸಭಾಂಗಣದ ಹಿಂದಿರುವ ಮೈದಾನದಲ್ಲಿ ಕಟ್ಟುವ ಹೊಸ ಮನೆಗಳ ಜಾಹೀರಾತಿಗೆ ನನ್ನ ಫೋಟೋ ಹಾಕುತ್ತಾರಂತೆ. ಮದುವೆಯ ಮಾತುಕತೆಯಲ್ಲೂ ನನ್ನ ಫೋಟೋ ಯಾರೂ ಕೇಳಿರಲಿಲ್ಲ!

ನನ್ನ ಆರೋಗ್ಯದ ಗುಟ್ಟೇನು? ಹೇಳುತ್ತೇನೆ. ನಾನು ದೂರದೂರಿಗೆ ಲಾರಿ ಓಡಿಸಿದವನು. ಊಟ ದಾರಿಬದಿಯಲ್ಲಿ, ಸ್ನಾನ ಪೆಟ್ರೋಲ್ ಬಂಕಿನಲ್ಲಿ, ನಿದ್ದೆ ಸ್ಟೇರಿಂಗಿನ ಹಿಂದೆ. ಗಾಬರಿಯಾಗಬೇಡಿ, ಲಾರಿ ನಿಲ್ಲಿಸಿಯೇ ಮಲಗುತ್ತಿದ್ದೆ. ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಿಸಲು. "ಬಂದ್ರಾ ನೆಂಟ್ರು? ಎಷ್ಟು ದಿನ ಇರ್ತೀರಿ?" ಎಂದು ನನ್ನ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು. ಸ್ಟೇರಿಂಗ್ ಬಿಟ್ಟು ಮನೆ ಸೇರಿ ಇನ್ನೂ ವರ್ಷ ತುಂಬಿಲ್ಲ.

ಮನೆಯಲ್ಲಿದ್ದವಳು ಅವಳು. ಹಿತ್ತಲಿನ ಮಣ್ಣು ಅಗೆದು ಸೊಪ್ಪು, ಮೂಲಂಗಿ ಬೆಳೆದವಳು ಅವಳು. ಕಿಟಕಿಯಿಂದ ಬಂದು ಕೂರುವ ಬೂದು ಧೂಳನ್ನು ದಿನಾ ಗುಡಿಸಿದವಳು ಅವಳು. ಮೊದಲ ಸಾಲಿನಲ್ಲಿ ಕುಳಿತಿದ್ದಾಳೆ ನೋಡಿ. ಚಪ್ಪಾಳೆ ತಟ್ಟಲಿಲ್ಲವೆಂದು ತಪ್ಪು ತಿಳಿಯಬೇಡಿ, ಗಂಡನ ಮೇಲೆ ಸಿಟ್ಟೇನಿಲ್ಲ. ಅವಳ ಮಣಿಕಟ್ಟುಗಳು ಜೋತುಬಿದ್ದಿವೆ, ಮೇಲೇಳುವುದಿಲ್ಲ. ಮೊದಲು ಹೊಟ್ಟೆನೋವು, ಸುಸ್ತು ಬಂದಾಗ ವಯಸ್ಸಾಯಿತು ಎಂದುಕೊಂಡೆವು.

ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ರಕ್ತದಲ್ಲಿ ಸೀಸ ತುಂಬಾ ಇದೆಯಲ್ಲಮ್ಮ, ಏನು ಕೆಲಸ ಮಾಡ್ತೀರಿ?" ಎಂದರು. "ಇವರ ಬಟ್ಟೆ ಒಗೀತೀನಿ" ಅಂದಳು. ಸೀಸ ನನ್ನ ಬಟ್ಟೆಯಿಂದಲೇ ಬಂತೇನೋ ಎಂದು ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿ ನನ್ನ ರಕ್ತವನ್ನೂ ತೆಗೆಸಿದರು. ಅದರಲ್ಲಿ ಹೇಳಿಕೊಳ್ಳುವಷ್ಟು ಸೀಸವೇನೂ ಇರಲಿಲ್ಲ. ಅದು ನನ್ನ ಗಟ್ಟಿತನವೆಂದೇ ಬೀಗುತ್ತಿದ್ದೆ, ಈ ಮೈಕಿನ ಮುಂದೆ ನಿಲ್ಲುವವರೆಗೂ.

ಈಗ ನೀವೇ ಹೇಳಿ, ಆ ಮಣ್ಣಿನ ಮೇಲೆ ಬದುಕಿದ್ದು ಯಾರು? ನಾನೋ, ಅವಳೋ? ಅವಳು ನಗುತ್ತಿದ್ದಾಳೆ. ಅವಳಿಗೆ ಯಾವಾಗಲೋ ಹೊಳೆದಿದೆ. ತಡವಾಗಿ ತಲುಪುವುದು ಲಾರಿಯವರ ಅಭ್ಯಾಸ.

ಅಧ್ಯಕ್ಷರೇ, ಸ್ವಲ್ಪ ನೀರು ಕುಡಿಯಿರಿ, ನಾನು ಜಗಳಕ್ಕೆ ನಿಂತಿಲ್ಲ. ನನ್ನ ಫೋಟೋ ಧಾರಾಳವಾಗಿ ಹಾಕಿ, ಆದರೆ ಲಾರಿಯ ಜೊತೆ ಹಾಕಿ. ಇಲ್ಲೇ ಬದುಕಿದವರ ಫೋಟೋ ಬೇಕೆಂದರೆ ನನ್ನ ಹೆಂಡತಿಯದು ಹಾಕಿ, ಕೈಗಳೂ ಕಾಣಲಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಮನೆ ಆಮೇಲೆ ಕಟ್ಟಿ.

ಇನ್ನೊಂದು ಮಾತು. ನನ್ನ ಮೊಮ್ಮಗಳು ಹೊರಗೆ ಮಣ್ಣಿನಲ್ಲಿ ಆಡುತ್ತಿದ್ದಾಳೆ. ಬಾಗಿಲ ಬಳಿ ಕುಳಿತವರು ಯಾರಾದರೂ ಅವಳನ್ನು ಒಳಗೆ ಕರೆತಂದು ಕೈ ತೊಳೆಸಿ. ತಾತನ ಹೂವೆಲ್ಲ ನಿನಗೇ ಎನ್ನಿ, ಓಡಿ ಬರುತ್ತಾಳೆ.

ಎಲ್ಲರಿಗೂ ಧನ್ಯವಾದ. ನನ್ನವಳಿಗೆ ಕೈ ಮುಗಿಯಲು ಆಗುವುದಿಲ್ಲ. ಅವಳ ಪಾಲಿನದೂ ಸೇರಿಸಿ, ನಿಮಗೆಲ್ಲ ಎರಡು ನಮಸ್ಕಾರ.