ಬಾವಿಯೊಳಗೆ ಓಡುತ್ತಿದ್ದ ಇಂಜಿನ್

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ, ನನ್ನ ದೊಡ್ಡಮ್ಮನ ಮಗನಿಗೇ ಆದದ್ದು.

ಅಣ್ಣ ಅವತ್ತು ಗ್ಯಾರೇಜಿನಿಂದ ಹೊರಟಾಗ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಲವತ್ತು ದಾಟಿದ ಗಂಡಸು. ಅಷ್ಟೂ ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತು ಮೀಟರ್ ಕೋಲು ಹಿಡಿದವನು. ಸಾಹುಕಾರನ ಜೊತೆ ಮಾತಿಗೆ ಮಾತು ಬೆಳೆದು, "ನಿಮ್ಮ ಕೋಲು ನೀವೇ ಇಟ್ಕೊಳ್ಳಿ" ಅಂದು ಎದ್ದು ಬಂದ. ಬಂದವನು ಸೀದಾ ಹೋಗಿ ಡೀಸೆಲ್ ಇಂಜಿನ್ ರಿಪೇರಿ ಕಲಿಯೋಕೆ ಸೇರಿಕೊಂಡ. ಗ್ಯಾರೇಜಿನವರಿಗೆ ತಮಾಷೆಯೋ ತಮಾಷೆ. ಅವನಿಗೆ 'ಮೀಟ್ರು' ಅಂತಲೇ ಹೆಸರಿಟ್ಟರು. "ಮೀಟ್ರು, ಈ ನಟ್ಟು ಎಷ್ಟು ಗಜ ಬರುತ್ತೆ?" ಅನ್ನೋರು. ಅಣ್ಣನೂ ನಗೋನು. ನಗದೆ ಇನ್ನೇನು ಮಾಡ್ತಾನೆ.

ಆ ಸಂಜೆ ಮಾತ್ರ ಗ್ಯಾರೇಜಿನ ಮೇಸ್ತ್ರಿ ನಗಲಿಲ್ಲ. "ನೋಡಯ್ಯಾ, ಒಂದೇ ಒಂದು ಇಂಜಿನ್ ನೀನೊಬ್ಬನೇ ದಾರಿಗೆ ತಂದು ತೋರಿಸು. ಆಗಲ್ವಾ, ಮುಂದಿನ ತಿಂಗಳಿಂದ ಬರೋದು ಬೇಡ."

ಅಂಗಡಿಯಲ್ಲಿ ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದು ನಿಂತಿದ್ದ. ಹಿಂದೆ ಹೋಗೋ ಹಾಗಿಲ್ಲ, ಮುಂದೆ ದಾರಿ ಇಲ್ಲ. ಹೆಂಡತಿಗೆ ಏನು ಹೇಳಲಿ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಇಟ್ಟಿಗೆ ಗೂಡು ದಾಟಿದ. ಅದರಾಚೆ ಒಂದು ಹಳೇ ಬಾವಿ. ಮೆಟ್ಟಿಲಿರೋ, ಅಗಲವಾದ ಬಾವಿ...

ತುಕ್... ತುಕ್... ತುಕ್... ಗುಳ್... ತುಕ್...

ನಿಂತ. ಬಾವಿಯೊಳಗಿನಿಂದ ಬರ್ತಿತ್ತು. ನೀರೆತ್ತೋ ಪಂಪಿನ ಇಂಜಿನ್. ಎರಡು ಮೂರು ಸಲ ಸರಿಯಾಗಿ ಬಡಿದು ಒಂದು ಸಲ ಮುಗ್ಗರಿಸ್ತಿದೆ. ಡೀಸೆಲ್ ಪೈಪಿಗೆ ಗಾಳಿ ಸೇರಿದೆ, ಅಂತ ಅವನ ಕಿವಿಗೆ ತಾನಾಗೇ ಗೊತ್ತಾಯಿತು. ಅಷ್ಟಕ್ಕೇ ಎದೆ ಉಬ್ಬಿತು ನೋಡಿ.

ಬಗ್ಗಿದ. ಕೆಳಗೆ ಕಲ್ಲುಕಟ್ಟೆಯ ಮೇಲೆ ಒಂದು ಲಾಟೀನು. ಪಕ್ಕದಲ್ಲಿ ಯಾರೋ ಈ ಕಡೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ.

"ಮೇಸ್ತ್ರಿ..." ಅಂತು ಕೆಳಗಿನ ದನಿ. ಪಿಸುಮಾತು. ಆದರೂ ಇಂಜಿನ್ ಸದ್ದಿನ ಮಧ್ಯೆ ಸ್ಪಷ್ಟವಾಗಿ ಕೇಳಿಸಿತು. "ಒಂಚೂರು ನೋಡ್ತೀರಾ, ಮೇಸ್ತ್ರಿ?"

ಅಣ್ಣನನ್ನು ಅವತ್ತಿನವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಬಾವಿಯೊಳಗೆ ಓಡ್ತಿರೋ ಇಂಜಿನ್ ಹತ್ತಿರ ಇಳೀಬಾರದು, ಹೊಗೆ ಕೆಳಗೇ ಕೂತಿರುತ್ತೆ, ಮೊದಲು ಮೇಲಿಂದಲೇ ನಿಲ್ಲಿಸಬೇಕು ಅನ್ನೋದು ಗ್ಯಾರೇಜಿನ ಮೊದಲನೇ ಪಾಠ. ಮೇಸ್ತ್ರಿ ಅನ್ನಿಸಿಕೊಂಡ ಖುಷಿಗೆ ಆ ಪಾಠ ಗಾಳಿಗೆ ತೂರಿಹೋಯಿತು. ಇಳಿದ.

ಸ್ಪ್ಯಾನರ್ ತೆಗೆದು ಡೀಸೆಲ್ ಪೈಪಿನ ನಟ್ಟು ಸಡಿಲಿಸಿದ. ಪುಸ್... ಪುಸ್... ನೊರೆ ಬಂತು. ಗಾಳಿ ಹೋಗೋವರೆಗೆ ಕಾಯಬೇಕು. ಕಾದ. ನೊರೆ ಬರ್ತಾನೇ ಇತ್ತು, ಮುಗಿಯಲೇ ಇಲ್ಲ. ತಲೆ ಭಾರ ಆಯಿತು.

"ಒಂದ್ಸಲ ನಿಲ್ಸಿ ನೋಡೋಣ," ಅಂದ ಅಣ್ಣ.

"ಬೇಡ, ಮೇಸ್ತ್ರಿ."

"ಯಾಕಪ್ಪಾ?"

"ನಿಲ್ಸಿದ್ರೆ ನೀವು ಹೋಗ್ಬಿಡ್ತೀರಿ."

ಅಣ್ಣ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಎಲ್ರೂ ಮೇಲಿಂದಾನೇ ಬಗ್ಗಿ ನೋಡಿ ಹೋಗ್ತಾರೆ, ಮೇಸ್ತ್ರಿ. ನೀವೊಬ್ರು ಇಳಿದ್ರಿ..."

ಅಣ್ಣ ತಿರುಗಿ ಮೆಟ್ಟಿಲು ಹತ್ತಿದ. ಗೋಡೆ ಸವರಿಕೊಂಡು ಹತ್ತಿದ, ಹತ್ತಿದ. ಕೊನೆಯ ಕಲ್ಲು ಸಿಕ್ಕಿತು ಅಂತ ಕಾಲಿಟ್ಟರೆ... ಅದೇ ಕಟ್ಟೆ. ಅದೇ ಲಾಟೀನು. ಅದೇ ಬೆನ್ನು. ಇನ್ನೊಮ್ಮೆ ಹತ್ತಿದ. ಮತ್ತೆ ಅಲ್ಲೇ. ಹೊಗೆಗೆ ಕಣ್ಣು ಉರಿ. ಡೀಸೆಲ್ ಪೈಪನ್ನೇ ಕಿತ್ತು ಬಿಸಾಕಿದ. ಇಂಜಿನ್ ನಿಲ್ಲಲಿಲ್ಲ. ತುಕ್... ತುಕ್... ತುಕ್... ಈಗ ಮುಗ್ಗರಿಸುತ್ತಲೂ ಇರಲಿಲ್ಲ.

ಡೀಸೆಲ್ ಇಲ್ಲದೆ ಓಡೋ ಇಂಜಿನ್ನೂ ಉಸಿರಿಲ್ಲದೆ ಓಡಲ್ಲ ಅಂತ ಮೇಸ್ತ್ರಿ ಒಂದು ಸಲ ಹೇಳಿದ್ದು ನೆನಪಾಯಿತು. ಮೈಮೇಲಿನ ಅಂಗಿ ಕಿತ್ತ. ಅಂಗಡಿಯಲ್ಲಿ ಬಟ್ಟೆ ಮಡಚಿ ಮಡಚಿ ಕೈ ಪಳಗಿತ್ತಲ್ಲ, ಆ ಹೊಗೆಯಲ್ಲೂ ಬಿಗಿಯಾಗಿ ಉಂಡೆ ಕಟ್ಟಿ ಇಂಜಿನ್ನು ಗಾಳಿ ಎಳೆಯೋ ಬಾಯಿಗೆ ತುರುಕಿ ಎದೆ ಕೊಟ್ಟು ಒತ್ತಿದ. ಇಂಜಿನ್ ಅಂಗಿಯನ್ನು ಒಳಕ್ಕೆ ಎಳೆಯಿತು... ಗಕ್... ಗಕ್...

ನಿಂತಿತು.

ಆ ಮೌನದಲ್ಲಿ ಕಿವಿಯ ಹತ್ತಿರವೇ ಯಾರೋ ಉದ್ದಕ್ಕೆ ಉಸಿರು ಬಿಟ್ಟರು. ಲಾಟೀನು ಆರಿತು. ಅವನು ಮೇಲೆ ಹೇಗೆ ಬಂದನೋ, ಮನೆವರೆಗೂ ಹೇಗೆ ಓಡಿದನೋ, ಅವನಿಗೇ ನೆನಪಿಲ್ಲ.

ಅತ್ತಿಗೆ ಬಾಗಿಲು ತೆಗೆದವಳು ಅವನ ಮುಖ ನೋಡಲಿಲ್ಲ. ಎದೆ ನೋಡಿದಳು.

"ಯಾರದ್ರೀ ಈ ಅಂಗಿ?"

ಅಣ್ಣ ಬಗ್ಗಿ ನೋಡಿಕೊಂಡ. ಖಾಕಿ ಅಂಗಿ. ಹಳೆಯದು, ಒದ್ದೆ. ಕುತ್ತಿಗೆವರೆಗೂ ಗುಂಡಿ ಹಾಕಿತ್ತು. ಅಳತೆ ತೆಗೆದು ಹೊಲಿಸಿದ ಹಾಗೆ ಮೈಗೆ ಕೂತಿತ್ತು.

ಬೆಳಿಗ್ಗೆ ಮೇಸ್ತ್ರಿಗೆ ಎಲ್ಲ ಹೇಳಿದ. ಮೇಸ್ತ್ರಿ ಬೀಡಿ ಹಚ್ಚೋದನ್ನೇ ಮರೆತ. "ಆ ಬಾವೀಲಿ ಈಗ ಇಂಜಿನ್ ಎಲ್ಲಿದೆಯೋ... ನಾನೇ ಕಿತ್ತು ತಂದು ಗುಜರಿಗೆ ಹಾಕಿದ್ದು. ರಿಪೇರಿಗೆ ಇಳಿದ ಮೆಕ್ಯಾನಿಕ್ಕು ಹೊಗೆ ಕುಡಿದು ಅಲ್ಲೇ ಹೋದ. ಮೇಲಕ್ಕೆತ್ತಿದಾಗ ಮೈಮೇಲೆ ಅಂಗಿ ಇರಲಿಲ್ಲ. ಹುಡುಕಿದ್ವಿ, ಸಿಗಲಿಲ್ಲ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ನೀನು ಒತ್ತಿದ ಮೇಲೆ ನಿಂತಿತಾ?"

"ನಿಂತಿತು."

"ನೀನೊಬ್ಬನೇ?"

"ಒಬ್ಬನೇ."

"ಸರಿ ಹೋಗು. ಆ ಲಾರಿ ಇಂಜಿನ್ ಬಿಚ್ಚು. ಇನ್ಮೇಲೆ ನಿನ್ನ ಹೋಗು ಅನ್ನೋರು ಇಲ್ಲಿ ಯಾರೂ ಇಲ್ಲ."

ಅಲ್ಲಿಗೆ ಅಣ್ಣನ ಕೆಲಸ ಗಟ್ಟಿಯಾಯಿತು. ಬೇರೆ ಏನಾದ್ರೂ ನೋಡ್ಕೊಳ್ಳಿ ಅಂತ ಅತ್ತಿಗೆ ಎಷ್ಟು ಸಲ ಅತ್ತಳೋ. ಬಿಡ್ತೀನಿ ಅಂತಾನೆ. ಬೆಳಗಾದರೆ ಗ್ಯಾರೇಜಿನಲ್ಲಿರ್ತಾನೆ.

ನೀವು ನಂಬಿ, ಬಿಡಿ. ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ. ಹೋದ ಬೇಸಿಗೆಯಲ್ಲಿ ನಾನೇ ಅವನ ಮನೆಗೆ ಹೋಗಿದ್ದೆ. ಆ ಖಾಕಿ ಅಂಗಿ ಹಿತ್ತಲ ತಂತಿಯ ಮೇಲೆ ಸುಡೋ ಬಿಸಿಲಲ್ಲಿ ನೇತಾಡ್ತಿತ್ತು. ಒಗೆದು ತಂತಿಗೆ ಹಾಕಿ ವರ್ಷಗಳಾದವು ಅಂದಳು ಅತ್ತಿಗೆ. ಈ ಕೈಯಲ್ಲೇ ಮುಟ್ಟಿ ನೋಡಿದೆ... ಒದ್ದೆ ಇತ್ತು.